ಖಾನಾಪುರದ ಪಾತರಗಿತ್ತಿ

ಬರಣಿಯೊಳಗಿನ ಕೋಶ ಒಡೆದು ಪಾತರಗಿತ್ತಿ ಹೊರಬಂದದ್ದು ಸರಿಯಾಗಿ ಇನ್‌ಸ್ಪೆಕ್ಟರು ಬರುವ ದಿನ. ಗಲಗಲಿಯಲ್ಲಿ ವಿಜ್ಞಾನ ಕಲಿಸುವ ಗೋಪಾಲ ಮಾಸ್ತರ ಅದನ್ನು ಖಾನಾಪುರದ ಅಡವಿಯಿಂದ ನಿಂಬೆಯ ಟೊಂಗೆ ಸಮೇತ ತಂದು ಎರಡು ವಾರ ಕಾದಿದ್ದ. ಅಂಗೈಗಿಂತ ಅಗಲವಾದ ಕರಿ ರೆಕ್ಕೆ, ಅದರ ಮೇಲೆ ದವತಿಯ ಮಸಿ ಚೆಲ್ಲಿದ ಹಾಗೆ ನೀಲಿ. ಇಂಥವು ಹಾರಾಡುವ ದಟ್ಟ ನೆರಳಿನ ಸೀಮೆಗೆ ವರ್ಗ ಮಾಡಿರೆಂದು ನಾಲ್ಕು ಅರ್ಜಿ ಕೊಟ್ಟಿದ್ದ. ಇವತ್ತು ಸಾಹೇಬರಿಗೆ ಕಣ್ಣಾರೆ ತೋರಿಸಿದರೆ ಕೆಲಸ ಆದಂತೆಯೇ.

ಬರಣಿ ಹಿಡಿದು ಹೊರಟ. ಸಾಲೆಯ ದಾರಿ ಹೊಳೆದಂಡೆಯ ಮೇಲೆ. ಅಲ್ಲಿ ನೆರೆಮನೆಯ ಅನಂತ ತಲೆ ಬೋಳಿಸಿಕೊಂಡು, ತಾಯಿಯ ಹತ್ತನೆಯ ದಿನದ ಪಿಂಡವಿಟ್ಟು ಕಾಗೆಯ ದಾರಿ ಕಾಯುತ್ತಿದ್ದ. ಕಾಗೆಗಳು ಬೇವಿನ ಗಿಡದಲ್ಲಿ ಸಿಟ್ಟಿಗೆದ್ದ ಬೀಗರಂತೆ ಮುಖ ತಿರುಗಿಸಿ ಕೂತಿದ್ದವು. ಸತ್ತವರ ಆಸೆ ಉಳಿದಿದ್ದರೆ ಕಾಗೆ ಮುಟ್ಟದು. ನಡೆಸಿಕೊಡುತ್ತೇನೆಂದು ಯಾರಾದರೂ ಮಾತು ಕೊಡಬೇಕು.

ಗೋಪಾಲ ತಪ್ಪಿಸಿಕೊಂಡು ಹೋಗಬಹುದಿತ್ತು. ಆದರೆ ತನಗೆ ಜ್ವರ ಬಂದಾಗ ಆ ಮುದುಕಿ ಮೂರು ಹೊತ್ತು ಗಂಜಿ ತಂದುಕೊಟ್ಟಿದ್ದಳು. ನಿಂತ.

"ಛಲೋ ಬಂದ್ರಿ ಮಾಸ್ತರ," ಎಂದಳು ಅನಂತನ ಅಕ್ಕ ತುಳಸಾಬಾಯಿ. "ತಾಸಾತು. ಕಾಶಿಗೆ ಹೋಗಿ ಬರ್ತೀನಂದೆ, ಬೇವಿನ ಗಿಡಕ್ಕ ಕಟ್ಟಿ ಕಟ್ಟಸ್ತೀನಂದೆ. ಒಂದೂ ಇಳೀವಲ್ದು."

"ನನಗ ಹೊತ್ತಾತ್ರೀ ಅಕ್ಕಾ."

"ಅವ್ವಗ ಇವಂದ ಚಿಂತಿ ಇತ್ತು. ನಲವತ್ತಾತು, ಇನ್ನೂ ಎಸ್ಸೆಸ್ಸೆಲ್ಸಿ ಪಾಸಿಲ್ಲ. ಒಂಬತ್ತ ಸಲ ಕೂತಾನ. ಪಾಸಾದ್ರ ಕಚೇರಿ ಸಿಪಾಯಿ ಹೋಗಿ ಗುಮಾಸ್ತ ಆಗ್ತಾನ."

"ಒಂದ ಮಾತ ಅಂದಬಿಡ್ರಿ," ಎಂದರು ಹಸಿದಿದ್ದ ಭಟ್ಟರು. "ಅಂದ್ರೇನ ನಾಲಿಗಿ ಸವೀತದ?"

"ಆತ್ರೀ. ಪಾಸಾಗೂತನಕ ನಾನ ಕೂಡಿಸಿ ಓದಸ್ತೀನಿ. ದಾರಿ ಬಿಡ್ರಿ."

ಅನಂತ ಎದ್ದು ಬಂದು ಅವನ ಕೈ ಹಿಡಿದು ಅಲ್ಲಾಡಿಸಿದ. ಬರಣಿಯ ಬಾಯಿಗೆ ಕಟ್ಟಿದ್ದ ಅರಿವೆ ಜಾರಿತು. ಪಾತರಗಿತ್ತಿ ಹಾರಿ, ಒಂದು ಸುತ್ತು ಹಾಕಿ, ಹಸಿ ಪಿಂಡದ ಮೇಲೆ ಕೂತಿತು.

ಎಲ್ಲರೂ ಕೈ ಮುಗಿದರು. ಹಿಡಿಯಲು ಬಾಗಿದ ಗೋಪಾಲನ ಅಂಗಿಯನ್ನು ತುಳಸಾಬಾಯಿ ಜಗ್ಗಿದಳು.

"ಅವ್ವನ್ನ ಹಿಡೀತೀರೇನ್ರಿ?"

"ಅದು ನನ್ನ ಪಾತರಗಿತ್ತಿರೀ. ಭಟ್ಟರ, ಶಾಸ್ತ್ರದಾಗ ಕಾಗಿ ಅಂತ ಅದ ಅಲ್ರೀ?"

"ಕರೀದ ಅದ, ರೆಕ್ಕಿ ಅವ," ಎಂದರು ಭಟ್ಟರು, ಸಾಮಾನು ಕಟ್ಟುತ್ತ. "ಇಷ್ಟರಮ್ಯಾಲೆ ಏನ ಕೇಳ್ತೀರಿ?"

ಅಷ್ಟರಲ್ಲಿ ಇವನನ್ನು ಹುಡುಕುತ್ತ ಹೆಡ್‌ಮಾಸ್ತರರ ಜೊತೆ ಇನ್‌ಸ್ಪೆಕ್ಟರೇ ಬಂದರು. "ಸಾಹೇಬರ, ನೋಡ್ರಿ, ಕಾಡಿನ..." ಎಂದು ಗೋಪಾಲ ಬೆರಳು ಮಾಡುವಷ್ಟರಲ್ಲಿ ತುಳಸಾಬಾಯಿ ಎಲ್ಲ ಹೇಳಿ ಮುಗಿಸಿದ್ದಳು. ಸಾಹೇಬರು ಬೂಟು ಕಳಚಿ ಕೈ ಮುಗಿದರು. ಪಾತರಗಿತ್ತಿ ಎದ್ದು ಹೊಳೆ ದಾಟಿತು.

"ನಿಮ್ಮ ವರ್ಗದ ಆರ್ಡರು ಕಿಸೇದಾಗ ಐತ್ರಿ," ಎಂದರು ಸಾಹೇಬರು ಕಣ್ಣೊರೆಸಿಕೊಳ್ಳುತ್ತ. "ಖಾನಾಪುರಕ್ಕ ಆಗೇತಿ. ಆದ್ರ ಸತ್ತ ತಾಯಿಗೆ ಮಾತ ಕೊಟ್ಟಾವರನ್ನ ಹೆಂಗ ಎಬ್ಬಿಸಿ ಕಳಸ್ಲಿ? ಇವರು ಪಾಸಾಗೂತನಕ ಇಲ್ಲೇ ಇರ್ರಿ." ಕಾಗದವನ್ನು ತೆಗೆದು, ತೋರಿಸಿ, ಮತ್ತೆ ಮಡಚಿಟ್ಟರು.

ಮರಳಿನ ಮೇಲೆ ಕುಸಿದು ಕೂತ ಗೋಪಾಲನಿಗೆ ಅನಂತ ತಂಬಿಗೆಯಲ್ಲಿ ನೀರು ತಂದುಕೊಟ್ಟ; ಪಕ್ಕದಲ್ಲಿ ಕೂತು ಮೆಲ್ಲಗೆ ಬೆನ್ನು ಸವರಿದ.

"ಗಡಿಬಿಡಿ ಇಲ್ರಿ ಮಾಸ್ತರ. ನಾ ವರ್ಷಕ್ಕ ಒಂದ ವಿಷಯ ಅಷ್ಟ ಓದಾಂವ. ಇನ್ನ ಆರೂ ಉಳದಾವ."