ಮಾವನ ಭುಜವೇರಿದ ಆರುಗಳು

ಸೋಲುವುದರಲ್ಲಿ ತನ್ನನ್ನು ಮೀರಿಸುವ ಗಂಡು ವೋಲ್ಗಾ ನದಿಯ ಎರಡೂ ದಡಗಳಲ್ಲಿ ಇನ್ನೂ ಹುಟ್ಟಿಲ್ಲವೆಂದು ರೊದಿಯೋನ್ ಎದೆ ತಟ್ಟಿಕೊಂಡು ಹೇಳಿದ.

"ಗೆಲ್ಲೋದಕ್ಕೆ ಬುದ್ಧಿ ಬೇಕು ಉಲ್ಯಾ. ಸೋಲೋದಕ್ಕೇನು ಬೇಕು? ನೋಡ್ತಾ ಇರು, ನಿಮ್ಮಪ್ಪ ಖುಷಿಯಿಂದ ಉಬ್ಬಿಹೋಗೋ ಹಾಗೆ ಸೋತು ಬರ್ತೀನಿ."

ಉಲ್ಯಾನಾ ನಗಲಿಲ್ಲ. ಅವಳ ಅಪ್ಪ ಜಖಾರ್ ಸವೇಲಿಚ್ ಸೇನೆಯ ಉಗ್ರಾಣ ಕಾದು ನಿವೃತ್ತನಾದವನು. ಮಗಳನ್ನು ಕೇಳಲು ಬಂದವರನ್ನೆಲ್ಲ ತೋಟದ ಮನೆಯ ಜಗಲಿಯಲ್ಲಿ ಕೂರಿಸಿ ಮೊದಲು 'ದುರಾಕ್' ಆಡಿಸುತ್ತಿದ್ದ. ದುರಾಕ್ ಎಂದರೆ ಪೆದ್ದ. ಈ ಆಟದಲ್ಲಿ ಗೆದ್ದವನಿಗೆ ಯಾವ ಬಿರುದೂ ಇಲ್ಲ. ಕೊನೆಗೆ ಯಾರ ಕೈಯಲ್ಲಿ ಎಲೆ ಉಳಿಯುತ್ತದೋ ಅವನು ಪೆದ್ದ, ಅಷ್ಟೇ. ಎದುರಾಳಿ ಎಸೆದ ಎಲೆಯನ್ನು ಅದೇ ರಂಗಿನ ದೊಡ್ಡ ಎಲೆಯಿಂದಲೋ ತುರುಪಿನಿಂದಲೋ ಹೊಡೆಯಬೇಕು, ಇಲ್ಲವೇ ಎತ್ತಿಕೊಳ್ಳಬೇಕು. ಹಿಂದೆ ಬಂದಿದ್ದ ದಂತವೈದ್ಯನೊಬ್ಬ ಮುದುಕನನ್ನೇ ಪೆದ್ದನನ್ನಾಗಿಸಿ, ಚಹಾದ ಮುಖವನ್ನೂ ಕಾಣದೆ ಗೇಟು ದಾಟಿದ್ದ.

"ಸೋಲು, ಆದ್ರೆ ಬೇಕಂತ ಸೋತೆ ಅಂತ ಗೊತ್ತಾಗಬಾರದು," ಎಂದಳು ಉಲ್ಯಾನಾ. "ಗೊತ್ತಾದ್ರೆ ನೀನೂ ಗೇಟೇ."

ಜಖಾರ್ ಸವೇಲಿಚ್ ಆರಾರು ಎಲೆ ಹಂಚಿ, ಕಟ್ಟಿನಡಿ ಒಂದು ಎಲೆಯನ್ನು ಮಗುಚಿಟ್ಟ. ಡೈಮನ್ ತುರುಪು. ಮೊದಲ ಸುತ್ತಿನಲ್ಲಿ ರೊದಿಯೋನ್ ಮುದುಕ ಎಸೆದ ಕಳಾವರ್ ರಾಜನನ್ನು ಹೊಡೆಯದೆ ವಿನಯದಿಂದ ಎತ್ತಿಕೊಂಡ. ಎರಡನೆಯದರಲ್ಲಿ ಕಳಾವರ್ ಗುಲಾಮ ಬಿದ್ದಾಗಲೂ ನಿಟ್ಟುಸಿರು ಬಿಟ್ಟು ಕೈ ಚಾಚಿದ.

"ತಡಿ," ಎಂದ ಮುದುಕ. "ಈಗ ತಾನೇ ಎತ್ಕೊಂಡ ರಾಜ ಎಲ್ಲಿ ಹೋದ? ನೀರು ಸೇದೋಕಾ?"

"ಮರೆತುಬಿಟ್ಟೆ ಜಖಾರ್ ಸವೇಲಿಚ್."

"ಸೋಲನ್ನ ದಾನ ಮಾಡೋಕೆ ಬಂದಿದ್ರೆ ಈಗಲೇ ಹೇಳು. ಗೇಟು ತೆರೆದೇ ಇದೆ."

ರೊದಿಯೋನ್ ಗುಲಾಮನನ್ನು ಗಾಬರಿಯಲ್ಲಿ ಕೈಗೆ ಸಿಕ್ಕ ಡೈಮನ್ ರಾಣಿಯಿಂದ ಹೊಡೆದು, ತಂತ್ರ ಬದಲಿಸಿದ. ಸೋತರೆ ವೀರನಂತೆ ಸೋಲಬೇಕು! ಆ ಕಳಾವರ್ ರಾಜನೊಬ್ಬನನ್ನು ಬಿಟ್ಟು, ಕೈಗೆ ಬಂದ ಎಕ್ಕ, ರಾಜ, ರಾಣಿಯರನ್ನೆಲ್ಲ ಧಾರಾಳವಾಗಿ ಯುದ್ಧಕ್ಕೆ ಅಟ್ಟಿದ. ಈ ಆಟದಲ್ಲಿ ಎಲ್ಲಕ್ಕಿಂತ ಸಣ್ಣ ಎಲೆಗಳಾದ ಎರಡು ಆರುಗಳನ್ನು ಸೋಲಿನ ಬಂಡವಾಳವೆಂದು ಜೋಪಾನ ಮಾಡಿದ. ಮುದುಕ ಬಂದದ್ದನ್ನೆಲ್ಲ ಮೀಸೆ ಕುಣಿಸುತ್ತ ತುರುಪಿನಿಂದ ಬಡಿದ. "ಹುಡುಗನಿಗೆ ಧೈರ್ಯ ಇದೆ, ತಲೆ ಇಲ್ಲ," ಎಂದು ಮಗಳಿಗೆ ಹೇಳುವಷ್ಟು ಪ್ರೀತಿಯೂ ಹುಟ್ಟಿತು.

ಹೀಗೆ ಬಡಿದೂ ಬಡಿದೂ ಮುದುಕನ ತುರುಪೆಲ್ಲ ಖಾಲಿಯಾದದ್ದು ಯಾರ ಗಮನಕ್ಕೂ ಬರಲಿಲ್ಲ. ಕಟ್ಟು ಮುಗಿಯಿತು. ಮುದುಕ ಕಳಾವರ್ ರಾಣಿಯನ್ನು ಎಸೆದ. ಎತ್ತಿಕೊಳ್ಳಲು ರೊದಿಯೋನನ ಕೈ ಹೊರಟಿತ್ತು.

"ರಾಜ ನೀರು ಸೇದ್ಕೊಂಡು ಬಂದಿರಬೇಕಲ್ಲ. ಹೊಡಿ."

ಹೊಡೆದ. ಈಗ ಅವನ ಕೈಯಲ್ಲಿ ಉಳಿದದ್ದು ಇಸ್ಪೀಟಿನ ಆರು, ಆಠೀನಿನ ಆರು. ಸರದಿ ಅವನದೇ. ಜೀವ ಕೈಯಲ್ಲಿ ಹಿಡಿದುಕೊಂಡು ಒಂದನ್ನು ಇಟ್ಟ.

"ಇನ್ನೊಂದೂ ಆರೇ ತಾನೇ? ಒಂದೇ ಅಂಕೆ ಆದ್ರೆ ಜೊತೆಗೇ ಇಡಬಹುದು. ಅದನ್ನೂ ಇಡು."

ಮುದುಕನ ಕೈಯಲ್ಲಿದ್ದದ್ದು ಬರೀ ಕಳಾವರ್. ಒಂದನ್ನೂ ಹೊಡೆಯಲಾಗಲಿಲ್ಲ. ಜಖಾರ್ ಸವೇಲಿಚ್ ಪೆದ್ದನಾದ. ಬರೀ ಪೆದ್ದನಾಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಕೊನೆಯ ಏಟು ಆರುಗಳಿಂದ ಬಿದ್ದರೆ, ಅವನ್ನು ಸೋತವನ ಎರಡೂ ಭುಜಕ್ಕೆ ಸೇನಾಪಟ್ಟಿಯಂತೆ ಏರಿಸಿ ಗೇಲಿ ಮಾಡುವುದು ಅಲ್ಲಿನ ಪದ್ಧತಿ.

"ಅದೆಲ್ಲ ಹುಡುಗಾಟ, ಬಿಡಿ," ಎಂದು ರೊದಿಯೋನ್ ತೊದಲಿದ.

"ಆಟ ಅಂದ್ಮೇಲೆ ಆಟ. ಇಡು."

ರೊದಿಯೋನ್ ಇಟ್ಟ. ಉಲ್ಯಾನಾ ಕಣ್ಣು ಮುಚ್ಚಿಕೊಂಡಳು. ತನ್ನ ಮದುವೆ ಮುಗಿದೇಹೋಯಿತೆಂದು ರೊದಿಯೋನನಿಗೆ ಖಾತ್ರಿಯಾಯಿತು, ನಿಜಕ್ಕೂ ಅಳು ಬಂತು.

ಮುದುಕ ಎಡ ಭುಜ ನೋಡಿದ, ಬಲ ಭುಜ ನೋಡಿದ. ಇಡೀ ನೌಕರಿಯಲ್ಲಿ ಭುಜಕ್ಕೆ ಎರಡಕ್ಕಿಂತ ಹೆಚ್ಚು ಪದವಿಯ ಚುಕ್ಕಿ ಕಂಡವನಲ್ಲ ಅವನು. ಎಲೆಯ ಮೇಲಿನ ಗುರುತುಗಳನ್ನು ಬೆರಳಿಟ್ಟು ನಿಧಾನವಾಗಿ ಎಣಿಸಿದ.

"ಒಂದೊಂದು ಭುಜಕ್ಕೆ ಆರು," ಎಂದ ಗದ್ಗದಿತನಾಗಿ. "ನಮ್ಮ ಜನರಲ್ ಸಾಹೇಬರಿಗೂ ಇಷ್ಟಿರಲಿಲ್ಲ."

ಎಲೆ ಜಾರದಂತೆ ಸೆಟೆದು ಎದ್ದು ನಿಂತ.

"ಏಳಯ್ಯ ಮೇಲೆ. ಜನರಲ್ ನಿಂತಿರುವಾಗ ಕೂತಿದ್ದೀಯಲ್ಲ? ಬೇಲಿ ಹತ್ರ ಸೌದೆ ಬಿದ್ದಿದೆ, ಸೀಳು. ಆಮೇಲೆ ಆಲೂಗಡ್ಡೆ ಅಗೆದು ತೆಗಿ. ಮದುವೆ ದಿನ ಮಾತ್ರ ರಜ."

ಕೊನೆಯ ಮಾತು ರೊದಿಯೋನನ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಹಲ್ಲು ಕಿರಿಯುತ್ತ ಉಲ್ಯಾನಾಳ ಕಡೆ ತಿರುಗಿದ. ಅವಳು ಕೊಡಲಿ ಹಿಡಿದು ನಿಂತಿದ್ದಳು.

"ಒಂದೇ ಒಂದು ಸಲ ಸೋಲು ಅಂದೆ, ಅದೂ ನಿನ್ನ ಕೈಲಿ ಆಗ್ಲಿಲ್ಲ," ಎಂದಳು. "ನನ್ನ ಜೊತೆ ಸಂಸಾರ ಹೇಗೆ ಮಾಡ್ತೀಯೋ?"