ಆಂಟೆನಾ ಉಸ್ತುವಾರಿ ಲೋಕಪ್ಪನ ಕಾಯಂ ಹುದ್ದೆ

ಸಾವಿರದ ಒಂಬೈನೂರ ತೊಂಬತ್ತೇಳನೇ ಇಸವಿ, ಆಯುಧಪೂಜೆಯ ಮಾರನೇ ದಿನ, ಅಂಜನಾಪುರದ ನೀರು ಸರದಿ ಉಪಕಚೇರಿಗೆ ಸೇರಿದ ಲ್ಯಾಪ್‌ಟಾಪು ಎಂಬ ಸರ್ಕಾರಿ ವಸ್ತುವಿನ ಪರದೆಯು ಕಪ್ಪಾಯಿತು. ಇದರಲ್ಲಿ ಯಾರ ತಪ್ಪೂ ಇಲ್ಲವೆಂದು ಕಚೇರಿಯು ಅವತ್ತೇ ತೀರ್ಮಾನಿಸಿತು. ವಿಚಾರಣೆ ಆಮೇಲೆ ನಡೆಯಿತು.

ನಮ್ಮ ಹಿತ್ತಿಲಿಗೂ ಆ ಕಚೇರಿಗೂ ನಡುವೆ ಒಂದು ಮೋಟುಗೋಡೆ. ನಾನು ಕಿವಿಗೊಟ್ಟವಳಲ್ಲ, ಮಾತೇ ಗೋಡೆ ಹಾರಿ ಬರುತ್ತದೆ, ಏನು ಮಾಡಲಿ.

ಯಾವ ರೈತನ ಗದ್ದೆಗೆ ಯಾವತ್ತು ನೀರು ಅಂತ ಹೇಳೋದು ಆ ಪೆಟ್ಟಿಗೆಯ ಕೆಲಸ. ಪೂಜೆಯ ದಿನ ಹೆಡ್ ಗುಮಾಸ್ತೆ ಗಂಗಾಧರಪ್ಪನವರು ಅದಕ್ಕೆ ಮೂರು ಬೆರಳಿನ ವಿಭೂತಿ ಎಳೆದು, ಚೆಂಡುಹೂವಿನ ಮಾಲೆ ಹಾಕಿ, ಮಾರನೇ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಗಸಗಸ ಒರೆಸಿದ್ದರು. ಆಮೇಲೆ ಗುಂಡಿ ಒತ್ತಿದರೆ ಒಳಗೆ ಗುರ್ ಅನ್ನುತ್ತದೆ, ಮುಖ ಮಾತ್ರ ಕಪ್ಪು.

ಸಾಹೇಬರು ಸದಾಶಿವಪ್ಪನವರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು.

"ಶಬ್ದ ಐತೆ, ಚಿತ್ರ ಇಲ್ಲ. ನಮ್ಮನೆ ಟೀವೀಗೂ ಹಿಂಗೇ ಆಗಿತ್ತು ಕಣ್ರೀ."

"ಏನು ಮಾಡಿದ್ರಿ ಸಾರ್?" ಅಂದರು ಗಂಗಾಧರಪ್ಪ.

"ಆಂಟೆನಾ ತಿರುಗಿಸಿದ್ವಿ."

ಓದಿದವರು ನೋಡಿ, ಒಂದೇ ಮಾತಿಗೆ ರೋಗ ಹಿಡಿದರು. ಸಾಹೇಬರ ಮನೆಯ ಹಳೇ ಆಂಟೆನಾ ಕಚೇರಿಯ ತಾರಸಿ ಏರಿತು. ಅದರ ವೈರು ಕಿಟಕಿಯಿಂದ ಇಳಿದು, ಸಿಕ್ಕಿಸೋಕೆ ತೂತು ಸಿಗದೆ, ಲ್ಯಾಪ್‌ಟಾಪಿಗೆ ಎರಡು ಸುತ್ತು ಬಂದು ಗಂಟಾಯಿತು. ತಿರುಗಿಸಲು ದಿನಗೂಲಿಯ ಲೋಕಪ್ಪ ಮೇಲೆ ಹತ್ತಿದ.

"ಬಂತಾ ಸಾರ್?"

"ಇಲ್ಲ! ಚಂದ್ರಗುತ್ತಿ ಕಡೆ ತಿರುಗ್ಸು!"

"ಈಗ ಬಂತಾ?"

"ಇಲ್ಲ! ಉಡುತಡಿ ಕಡೆ!"

ವಾರವಿಡೀ ಹೀಗಾದ ಮೇಲೆ ಆದೇಶವೇ ಹೊರಟಿತು. ಗೋಡೆಗೆ ಅಂಟಿಸಿದ್ದನ್ನು ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ: "ಲೋಕಪ್ಪನವರನ್ನು ತಾತ್ಕಾಲಿಕ ಆಂಟೆನಾ ಉಸ್ತುವಾರಿಯನ್ನಾಗಿ ನೇಮಿಸಲಾಗಿದೆ. ಸದರಿಯವರು ಕಚೇರಿ ವೇಳೆಯಲ್ಲಿ ತಾರಸಿಯಿಂದ ಕೆಳಗಿಳಿಯತಕ್ಕದ್ದಲ್ಲ. ಯುಗಾದಿಯೊಳಗೆ ಪರದೆ ಬಂದಲ್ಲಿ ಹುದ್ದೆ ರದ್ದು. ಬಾರದಿದ್ದಲ್ಲಿ ಕಾಯಂ."

ಇಲ್ಲಿಂದ ಶುರು ಸ್ವಾರಸ್ಯ. ಲೋಕಪ್ಪನಿಗೆ ಬಂಗಾರಮ್ಮನ ಮಗಳು ನೀಲಾಂಬಿಕನ ಮೇಲೆ ಮನಸ್ಸು. ಅವಳಿಗೂ ಇವನ ಮೇಲೆ. ಹಿಟ್ಟಿನ ಗಿರಣಿಯ ನೆಪದಲ್ಲಿ ಆ ಹುಡುಗಿ ಕಚೇರಿ ಮುಂದೆ ದಿನಕ್ಕೆ ಎಷ್ಟು ಸಲ ಹಾಯುತ್ತಿದ್ದಳು ಅನ್ನೋದನ್ನು ನಾನು ಯಾರಿಗೂ ಹೇಳಿಲ್ಲ, ನಮ್ಮ ಕೇರಿಯವರನ್ನೂ ಪಕ್ಕದ ಕೇರಿಯವರನ್ನೂ ಬಿಟ್ಟು. ತಾಯಿ ಮಾತ್ರ ಗಟ್ಟಿಗಿತ್ತಿ. ಕಾಯಂ ಆಗದೆ ಹುಡುಗಿ ಇಲ್ಲ ಅಂದುಬಿಟ್ಟಿದ್ದಳು. ಆದೇಶ ಹೊರಟ ದಿನವೇ ಗಂಗಾಧರಪ್ಪನವರ ಮೇಜಿನ ಮುಂದೆ ನಿಂತಳು.

"ಅಣ್ಣಾ, ಆ ಪರದೆ ಎಲ್ಲಾದ್ರೂ ಬಂದುಗಿಂದು ಬಿಟ್ರೆ?"

"ಸರ್ಕಾರಿ ವಸ್ತು ಕಣವ್ವಾ. ಹಂಗೆಲ್ಲ ಬರಂಗಿಲ್ಲ."

ನಷ್ಟ ಯಾರಿಗೂ ಆಗಲಿಲ್ಲ. ತಾರಸಿಯಿಂದ ಕಾಲುವೆ ಪೂರ್ತಿ ಕಾಣುತ್ತಿತ್ತು. "ಲೋಕಪ್ಪಾ, ನೀರು ಎಲ್ಲೀಗಂಟ ಬಂತೋ?" ಅಂತ ರೈತರು ಕೂಗಿದರೆ, ಹಣೆಗೆ ಕೈ ಅಡ್ಡ ಹಿಡಿದು ನೋಡಿ ಹೇಳುತ್ತಿದ್ದ. ಪೆಟ್ಟಿಗೆ ಬೆಳಗುತ್ತಿದ್ದ ಕಾಲದಲ್ಲಿ ಇಷ್ಟು ಬೇಗ ಉತ್ತರ ಸಿಕ್ಕಿದ್ದು ಯಾರಿಗೂ ನೆನಪಿಲ್ಲ. ಸಾಹೇಬರು ವಾರಕ್ಕೊಮ್ಮೆ ಲ್ಯಾಪ್‌ಟಾಪನ್ನು ತೋರಿಸಿಕೊಂಡು ಬರಲು ಸರ್ಕಾರಿ ಜೀಪಿನಲ್ಲಿ ಶಿವಮೊಗ್ಗಕ್ಕೆ ಹೋಗುತ್ತಿದ್ದರು. ಅದು ಮುಂದಿನ ಸೀಟಿನಲ್ಲಿ, ಟವೆಲ್ ಹೊದ್ದು. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ, ಹೆಂಡತಿಯ ತಂಗಿ. ವಾಪಸು ಬರುವಾಗ ಅದು ಹೋದ ಹಾಗೇ ಇರುತ್ತಿತ್ತು, ಅವರಿಬ್ಬರು ಹೊಸ ಸೀರೆಯಲ್ಲಿ.

ಊರು ಹೀಗೆ ಸುಖವಾಗಿರುವಾಗ, ಯುಗಾದಿ ಇನ್ನೇನು ಬಂತು ಅನ್ನುವಾಗ, ಯಾರೂ ಕರೆಯದೆ ಲ್ಯಾಪ್‌ಟಾಪು ಕಂಪನಿಯ ಎಂಜಿನಿಯರು ಬಂದಿಳಿದಳು. ಶ್ರೀರಂಜಿನಿ ಅಂತ ಹೆಸರು. ಪ್ಯಾಂಟು. ಬಂದವಳೇ ವೈರು ಬಿಚ್ಚಿದಳು. ಪೆಟ್ಟಿಗೆಯ ಪಕ್ಕದಲ್ಲಿದ್ದ ಒಂದು ಪುಟ್ಟ ಗುಂಡಿಯನ್ನು ಉಗುರಿನಲ್ಲಿ ಮೇಲಕ್ಕೆ ಸರಿಸಿದಳು. ಪರದೆ ಝಗ್ಗನೆ ಬೆಳಗಿತು.

"ಬೆಳಕಿನ ಗುಂಡಿ ಸಾರ್. ಒರೆಸುವಾಗ ಯಾರೋ ಪೂರಾ ಕೆಳಗೆ ಸರಿಸಿದ್ದಾರೆ. ಅಷ್ಟೇ."

ಗಂಗಾಧರಪ್ಪನವರು ತಮ್ಮ ಕೈಬೆರಳುಗಳನ್ನು ಜೇಬಿಗೆ ಸೇರಿಸಿದರು. ಬಾಗಿಲಲ್ಲಿ ಇಣುಕುತ್ತಿದ್ದ ಬಂಗಾರಮ್ಮ "ಅಯ್ಯೋ, ನನ್ನ ಮಗಳ ಲಗ್ನ!" ಅಂತ ಹೊಸ್ತಿಲ ಮೇಲೇ ಕುಸಿದಳು. ಅದು ತಾರಸಿಗೂ ಕೇಳಿಸಿತು.

"ಬಂತಾ ಸಾರ್?" ಲೋಕಪ್ಪ ಮೇಲಿಂದ ಬಗ್ಗಿ ಕೂಗಿದ.

ಸಾಹೇಬರು ಬೆಳಗುವ ಪರದೆ ನೋಡಿದರು. ಹೊರಗೆ ನಿಂತ ಜೀಪು ನೋಡಿದರು. ಆಮೇಲೆ ಕಿಟಕಿಯಿಂದ ತಲೆ ಹಾಕಿ ಗದರಿದರು: "ಎಲ್ಲಿ ಬಂತೋ! ನೀನು ತಿರುಗಿಸ್ತಾ ಇರು!"

"ಸಾರ್, ಬಂದಿದೆಯಲ್ಲ?" ಅಂದಳು ಎಂಜಿನಿಯರು.

"ನೋಡಿ ತಂಗೀ, ಬಂದಿದೆ ಅಂತ ನೀವು ಈಗ ಹೇಳ್ತೀರಿ. ಬಂದಿಲ್ಲ ಅಂತ ಕಚೇರಿ ಆಯುಧಪೂಜೆಯಿಂದ ಹೇಳ್ತಾ ಐತೆ. ಯಾರದು ಸರ್ವೀಸು ಹೆಚ್ಚು?"

ಅವಳು ಕಿಟಕಿಯಾಚೆ ನೋಡಿದಳು. ನೀಲಾಂಬಿಕ ಹಿಟ್ಟಿನ ಡಬ್ಬಿ ಅವುಚಿಕೊಂಡು, ತಾರಸಿಯ ಕಡೆ ಕಣ್ಣು ನೆಟ್ಟು ನಿಂತಿದ್ದಳು. ಎಂಜಿನಿಯರು ಗುಂಡಿಯನ್ನು ತಾನೇ ಕೆಳಗೆ ಸರಿಸಿ, ವರದಿ ಬರೆದಳು: "ದುರಸ್ತಿ ಪೂರ್ಣಗೊಂಡಿದೆ. ಪರದೆ ಎಂದಿನಂತೆ ಕಾಣುವುದಿಲ್ಲ." ಗುಂಡಿಯ ಮೇಲೆ ಅರಗು ಕರಗಿಸಿ ಕಚೇರಿಯ ಮೊಹರು ಒತ್ತಲಾಯಿತು. ಅವಳಿಗೆ ಊಟ ಹಾಕಿ, ಎಲೆ ಅಡಿಕೆ ಕೊಟ್ಟು ಬಸ್ಸು ಹತ್ತಿಸಿದರು.

ಯುಗಾದಿಗೆ ಲೋಕಪ್ಪ ಕಾಯಂ ಆದ. ಲಗ್ನದ ಮುಹೂರ್ತ ಕಚೇರಿ ವೇಳೆಯಲ್ಲಿ ಬಿದ್ದಿದ್ದರಿಂದ, ಆದೇಶಕ್ಕೆ ಭಂಗ ಬಾರದಂತೆ ತಾರಸಿಯ ಮೇಲೇ ಚಪ್ಪರ ಹಾಕಿದರು. ಲಗ್ನ ಮಾಡಿಸುವ ಅಯ್ಯನವರು ಏಣಿ ಹತ್ತಿದರು, ಮದುಮಗಳೂ ಹತ್ತಿದಳು, ನಾವು ಕೆಳಗಿಂದಲೇ ಅಕ್ಷತೆ ಎಸೆದೆವು. ಅರ್ಧ ನಮ್ಮ ತಲೆಗೇ ಬಿತ್ತು. ಊಟ ಚೆನ್ನಾಗಿತ್ತು, ಹೋಳಿಗೆಗೆ ತುಪ್ಪ ಮಾತ್ರ ಬಂಗಾರಮ್ಮ ಕೈಹಿಡಿದೇ ಬಡಿಸಿದಳು.

ಅದೇ ತಿಂಗಳು ಸೊರಬದ ಅಂಥದೇ ಕಚೇರಿಯಿಂದ ಮಾಬ್ಲೇಶ್ವರ ಅನ್ನುವ ಸಾಹೇಬರು ತಮ್ಮ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಮುಖ ಬಾಡಿಹೋಗಿತ್ತು.

"ನಮ್ದು ಬೆಳಗ್ತಾನೇ ಇದೆ ಮಾರಾಯ್ರೇ. ಏನು ಮಾಡಿದ್ರೂ ಆರ್ತಾ ಇಲ್ಲ. ಮೂರು ಜನ ದಿನಗೂಲಿಯವರಿದ್ದಾರೆ, ಅವರ ಮುಖ ನೋಡೋಕಾಗಲ್ಲ."

ಸದಾಶಿವಪ್ಪನವರು ಅವರ ಬೆನ್ನು ಸವರಿದರು. "ಹೆದರಬ್ಯಾಡ್ರಿ. ಗುಣ ಆಗ್ತದೆ."

ಆಯಿತು. ಸೊರಬದ ತಾರಸಿಯ ಮೇಲೆ ಈಗ ಮೂವರಿದ್ದಾರೆ: ಒಬ್ಬ ತಿರುಗಿಸುವವನು, ಒಬ್ಬ ಕೂಗುವವನು, ಇನ್ನೊಬ್ಬ ಅವರಿಬ್ಬರ ಮೇಲ್ವಿಚಾರಕ.