ಮುನೀಂದ್ರನ ಶ್ರೀಲಂಕಾ ಸೀಟು

ಮುನೀಂದ್ರ ಆ ದಿನ ಬೆಳಿಗ್ಗೆ ಟೀ ಅಂಗಡಿಯಲ್ಲಿ ಬಾಯಿ ಮುಚ್ಚಿಕೊಂಡು ಟೀ ಕುಡಿದು ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಪಕ್ಕದ ಮನೆ ಸೀನಪ್ಪ ಎದುರಿಗೇ ಕೂತಿದ್ದ. ಬಾಯಿ ತುರಿಸಿತು.

"ಮೇ ತಿಂಗ್ಳು ಶ್ರೀಲಂಕಾಗೆ ಓಗ್ತಾ ಇವ್ನಿ ಸೀನಪ್ಪಣ್ಣಾ. ಉರಿಗಾಂ ಚರ್ಚ್‌ನೋರ ಜೊತೆ. ಪಾಸ್‌ಪೋರ್ಟ್‌ಗೂ ಆಕಿವ್ನಿ."

"ಚರ್ಚ್‌ನೋರ ಜೊತೆನಾ? ಬ್ಯಾಡ ಕಣ್ಲಾ," ಅಂದ ಸೀನಪ್ಪ.

ಬೇಡ ಅನ್ನುವ ಮಾತು ಮುನೀಂದ್ರನ ಕಿವಿಗೆ ಬೀಳಬಾರದು. ಹಿಂದೆ ಅವನ ತಾಯಿ ಅಮ್ಮಾಜಮ್ಮ "ಬೂದಿಕೋಟೆ ಸಂಬಂಧ ಬ್ಯಾಡ ಕಣ್ಲಾ" ಅಂದದ್ದಕ್ಕೇ ಅವನು ಬೂದಿಕೋಟೆಗೆ ಹೋಗಿ ಶ್ಯಾಮಲಳನ್ನು ಒಪ್ಪಿ ಮದುವೆಯಾದವನು. "ಓಗೇ ಓಗ್ತೀನಿ. ಯಾವನ್ ತಡೀತಾನೋ ನೋಡ್ತೀನಿ!" ಎಂದು ಗ್ಲಾಸು ಕುಕ್ಕಿ ಎದ್ದ.

ಬಂಗಾರಪೇಟೆಯಲ್ಲಿ ಅವನದು ಫ್ಲೆಕ್ಸ್ ಅಂಗಡಿ. ಹಿಂದುಗಡೆ ಮನೆ, ಮುಂದುಗಡೆ ಅಂಗಡಿ. ಉರಿಗಾಂನ ಸಣ್ಣದೊಂದು ಚರ್ಚಿನ ಪಾಸ್ಟರ್ ಅರುಳ್‌ದಾಸ್ ಕ್ರಿಸ್ಮಸ್ ಬ್ಯಾನರ್ ಮಾಡಿಸಲು ಬರುತ್ತಿದ್ದವರು, ಒಂದು ದಿನ ವಿಷಯ ತೆಗೆದಿದ್ದರು. ಶ್ರೀಲಂಕಾದ ಟೀ ತೋಟದ ಕೂಲಿಯವರ ಮಕ್ಕಳಿಗೆ ಒಂದು ಶಾಲೆ. ಚರ್ಚಿನವರು ಹೋಗಿ ರಿಪೇರಿ ಮಾಡಿಕೊಡುತ್ತಾರೆ. ಗೋಡೆಗೆ ಚಿತ್ರ ಬಿಡಿಸಲು ಕೈ ಚೆನ್ನಾಗಿರುವ ಒಬ್ಬರು ಬೇಕು. ಸಂಬಳ ಇಲ್ಲ, ಬರೀ ಸೇವೆ.

ಮುನೀಂದ್ರ ತಕ್ಷಣ ಒಪ್ಪಿದ್ದ. ಇಷ್ಟು ವರ್ಷ ಅವನು ಮಾಡಿದ್ದೇನು? ಹುಟ್ಟುಹಬ್ಬದವರ ಹಲ್ಲು ಬೆಳ್ಳಗೆ ಮಾಡಿದ್ದು, ಪುಢಾರಿಗಳ ತಲೆಗೆ ಕೂದಲು ಅಂಟಿಸಿದ್ದು. ಕಟ್ಟಿದ ಬ್ಯಾನರು ವಾರದೊಳಗೆ ಯಾರದೋ ದನದ ಕೊಟ್ಟಿಗೆ ಮೇಲೆ ಮಳೆಗೆ ಮುಚ್ಚಿಗೆಯಾಗಿರುತ್ತಿತ್ತು. ಈ ಜನ್ಮದಲ್ಲಿ ಒಂದೇ ಒಂದು ಗೋಡೆ, ನಾಲ್ಕು ಕಾಲ ನಿಲ್ಲುವ ಗೋಡೆ, ಅದರ ಮೇಲೆ ತನ್ನ ಕೈಯಿಂದಲೇ ಬಿಡಿಸಿದ ಆನೆ, ನವಿಲು! ಅದನ್ನು ನೆನೆದಾಗಲೆಲ್ಲ ಅವನು ಬಿಲ್ ಪುಸ್ತಕದ ಹಿಂದೆ ಒಂದು ಆನೆ ಗೀಚುತ್ತಿದ್ದ.

ಆದರೆ ಟೀ ಅಂಗಡಿಯ ಮಾತು ಹಾಲಿನ ಡೈರಿ ಮುಟ್ಟುವಷ್ಟರಲ್ಲಿ ಮುನೀಂದ್ರ ಚರ್ಚು ಸೇರಿದ್ದ. ರೈಲ್ವೆ ಗೇಟು ದಾಟುವಷ್ಟರಲ್ಲಿ ಅವನ ಹೆಸರು ಮೋಸೆಸ್ ಆಗಿತ್ತು. ಎದುರು ಮನೆ ವರಲಕ್ಷ್ಮಮ್ಮ ಅದನ್ನು ಅಮ್ಮಾಜಮ್ಮನಿಗೆ ಮುಟ್ಟಿಸುವಾಗ, ಶ್ರೀಲಂಕಾದಲ್ಲಿ ಅವನಿಗೆ ಇನ್ನೊಂದು ಮದುವೆಗೆ ಹೆಣ್ಣೂ ಗೊತ್ತಾಗಿತ್ತು.

"ಮನೆದೇವ್ರು ಮುನೇಶ್ವರನ ಎಸ್ರು ಇಟ್ಟಿವ್ನಿ ಕಣ್ಲಾ ನಿಂಗೆ!" ಅಮ್ಮಾಜಮ್ಮ ಅಂಗಡಿ ಬಾಗಿಲಲ್ಲೇ ಕೂತು ಗೋಳಾಡಿದಳು. "ಓಗಿ ಓಗಿ ಲಂಕೆಗೆ ಓಗ್ತೀಯಾ? ರಾವಣನ ಊರ್ಗೆ ಓದೋರು ಯಾರ್ ಉದ್ಧಾರ ಆಗವ್ರೆ?"

"ಅಮ್ಮಾ, ಇಸ್ಕೂಲ್ ಗೋಡೆಗೆ ಆನೆ ಬರೆದ್ರೆ ಜಾತಿ ಕೆಡ್ತದಾ? ದರ್ಗಾಕ್ಕೂ ಬ್ಯಾನರ್ ಮಾಡ್ಕೊಟ್ಟಿಲ್ವಾ ನಾನು? ಒಳ್ಳೆ ಕೆಲ್ಸಕ್ಕೆ ಯಾರ್ ಕರೆದ್ರೂ ಓಗ್ಬೇಕು!"

ಗಲಾಟೆ ನಡೆಯುತ್ತಿರುವಾಗಲೇ ಪಾಸ್‌ಪೋರ್ಟ್ ವಿಚಾರಣೆಗೆ ಪೊಲೀಸಪ್ಪ ಬಂದ. ಗಲಾಟೆ ಕೇಳಿ ಸೇರಿದ್ದ ಬೀದಿಯವರು ಅವನಿಗೆ ದಾರಿ ಬಿಟ್ಟರು.

"ಹುಡುಗ ಒಳ್ಳೆಯವನೇ ಅಂತ ಅಕ್ಕಪಕ್ಕದವರು ಇಬ್ಬರು ಸೈನ್ ಹಾಕ್ಬೇಕು. ಯಾರು ಹಾಕ್ತೀರಾ?"

ಮುನೀಂದ್ರ ಸೀನಪ್ಪನ ಕಡೆ ನೋಡಿ ಹಲ್ಲು ಕಿರಿದ. ಸೀನಪ್ಪ ಕಿರಿಯಲಿಲ್ಲ.

"ಗಣೇಶನ ಅಬ್ಬದ ಬ್ಯಾನರ್‌ನಾಗೆ ನನ್ ಮುಖ ಎಲ್ಲಿ ಆಕಿದ್ದೆ, ಯೋಳ್ಲಾ? ಇಲಿ ಪಕ್ಕ! ಇಲೀನೇ ನನ್‌ಗಿಂತ ದೊಡ್ದಾಗಿತ್ತು!"

"ನಮ್ ಮೊಮ್ಮಗೀನ ನಾಮಕರಣದ ಬ್ಯಾನರ್ರು?" ವರಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಯಾರ್ದೋ ತಿಥಿ ಬ್ಯಾನರ್ ಅಕ್ಸರ ಅಳಿಸ್ದೇನೇ, ಮೇಲೆ ತೊಟ್ಲು, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ! ಬೀಗ್ರು ಇವತ್ಗೂ ಆಡ್ಕೊಂಡು ನಗ್ತಾರೆ. ಇವ್ನಿಗೆ ನಾನು ಸೈನ್ ಆಕ್ಬೇಕಾ?"

"ಸಂಜೆ ಬರ್ತೀನಿ. ಅಷ್ಟೊತ್ತಿಗೆ ಇಬ್ಬರನ್ನ ಒಪ್ಪಿಸಿ ಇಟ್ಕೊಳಪ್ಪ," ಎಂದು ಪೊಲೀಸಪ್ಪ ಬೈಕು ಹತ್ತಿದ.

ಸೈನಿಲ್ಲದೆ ಪಾಸ್‌ಪೋರ್ಟಿಲ್ಲ, ಪಾಸ್‌ಪೋರ್ಟಿಲ್ಲದೆ ಗೋಡೆಯಿಲ್ಲ. ಮುನೀಂದ್ರ ಬೆವರೊರೆಸಿಕೊಂಡು ಪಾಸ್ಟರಿಗೇ ಫೋನು ಮಾಡಿದ. ಅವರೇ ಬಂದು ಜನಕ್ಕೆ ತಿಳಿಹೇಳಲಿ, ಎಲ್ಲ ಸರಿಹೋಗುತ್ತದೆ ಅಂದುಕೊಂಡ.

ಅರುಳ್‌ದಾಸ್ ಬಿಸಿಲಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದು ಇಳಿಯುವಷ್ಟರಲ್ಲಿ ಅಮ್ಮಾಜಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

"ನನ್ ಮಗನ್ನ ಕರ್ಕೊಂಡೋಗಾಕೆ ನೀನ್ಯಾರಯ್ಯಾ? ಏಟು ಧೈರ್ಯ ನಿಂಗೆ? ಊಟ ಆಯ್ತಾ?"

"ಇನ್ನೂ ಇಲ್ಲಮ್ಮಾ," ಅಂದರು ಪಾಸ್ಟರು.

"ಬಾಗ್ಲಿಗೆ ಬಂದೋನ್ನ ಅಸ್ಕೊಂಡಿರೋವಾಗ ಬೈಯಾಕಾತದಾ? ಶ್ಯಾಮಲಾ, ಮುದ್ದೆ ಆಕವ್ವ. ಮೊದ್ಲು ಉಣ್ಣು. ಆಮ್ಯಾಕೆ ಬೈತೀನಿ."

ಬೆಳಿಗ್ಗೆಯಿಂದ ಒಂದು ಮಾತೂ ಆಡದೆ ಒಲೆ ಮುಂದೆ ಇದ್ದ ಶ್ಯಾಮಲ ತಟ್ಟೆ ಇಟ್ಟಳು. ಬಿಸಿ ಮುದ್ದೆ, ಹುರಳಿಕಾಳಿನ ಬಸ್ಸಾರು, ಪಕ್ಕದಲ್ಲಿ ಒಂದು ಈರುಳ್ಳಿ. ಪಾಸ್ಟರು ಒಂದು ತುತ್ತು ನುಂಗಿದರು. ಇನ್ನೊಂದು ನುಂಗಿದರು. ಸಾರು ಮತ್ತೆ ಹಾಕಿಸಿಕೊಂಡರು. ಆಮೇಲೆ ಮತ್ತೊಂದು ಮುದ್ದೆ ಕೇಳಿದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಬೀದಿಯವರು ಬೈಗುಳ ಯಾವಾಗ ಶುರುವಾಗುತ್ತದೋ ಎಂದು ಕಾದರು.

ಪಾಸ್ಟರು ಕೈ ತೊಳೆದು ಬಂದು, ಮುನೀಂದ್ರನ ಕಡೆ ನೋಡದೆ ಶ್ಯಾಮಲಳ ಕಡೆ ತಿರುಗಿದರು.

"ಅಕ್ಕಾ, ಹೋದ ವರ್ಷ ಅಲ್ಲಿ ನಾವೇ ಅಡಿಗೆ ಮಾಡ್ಕೊಂಡ್ವಿ. ಅಯ್ಯೋ ಕಡವುಳೇ, ದೇವರೇ! ಅರ್ಧ ಜನ ಹೊಟ್ಟೆ ಹಿಡ್ಕೊಂಡು ಮಲಗಿದ್ರು, ಕೆಲಸ ಅರ್ಧಕ್ಕೇ ನಿಂತೋಯ್ತು. ಇರೋದು ಒಂದೇ ಸೀಟು. ಮುನೀಂದ್ರಣ್ಣನ ಡಿಸೈನು ಫೋನಲ್ಲೇ ಬರುತ್ತೆ, ನಮ್ಮೋರು ನೋಡ್ಕೊಂಡು ಗೋಡೆಗೆ ಬರೀತಾರೆ. ಸಾರು ಫೋನಲ್ಲಿ ಬರಲ್ಲ. ನೀವು ಬರ್ತೀರಾ?"

ಮುನೀಂದ್ರ ದಿಗ್ಗನೆ ಎದ್ದು ನಿಂತ. ತನ್ನ ಗೋಡೆ! 'ಸಾಧ್ಯವೇ ಇಲ್ಲ' ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಶ್ಯಾಮಲ ಸೌಟು ಕೆಳಗಿಟ್ಟು, ತಲೆ ತಗ್ಗಿಸಿ, ಮೆಲ್ಲಗೆ ಹೇಳಿದಳು:

"ಅಯ್ಯೋ, ಬುಡಿ ಪಾಸ್ಟ್ರೇ. ನಮ್ಮನೆಯವ್ರು ಒಪ್ಪಲ್ಲ."

"ಅವ್ನ್ ಎಂಗ್ ಒಪ್ತಾನೆ?" ಸೀನಪ್ಪ ಬಾಗಿಲಿಂದ ನಕ್ಕ. "ಎಂಡ್ತೀನ ಒಬ್ಳನ್ನೇ ಕಳ್ಸೋ ಗಂಡಸು ಯಾರವ್ನೆ ಈ ಬೀದಿನಾಗೆ?"

"ಕಳ್ಸೋದೂ ಬ್ಯಾಡ, ಗಿಳ್ಸೋದೂ ಬ್ಯಾಡ," ಎಂದಳು ಅಮ್ಮಾಜಮ್ಮ.

"ಯಾರದು ಬ್ಯಾಡ ಅನ್ನೋದು?" ಮುನೀಂದ್ರನ ಕಿವಿ ಕೆಂಪಾಯಿತು. "ನನ್ ಎಂಡ್ತೀನ ನಾನು ಕಳಿಸ್ತೀನಿ! ಒಳ್ಳೆ ಕೆಲ್ಸಕ್ಕೆ ಓಗಾಕೆ ನಿಮ್ ಅಪ್ಪಣೆ ಬೇಕಾ? ಅವ್ಳೇ ಓಗ್ತಾಳೆ! ಏನಿವಾಗ?"

ಆಡಿದ ಮಾತು ಮುನೀಂದ್ರನ ಕಿವಿಗೇ ಬಿದ್ದಾಗ ಅವನು ಮೆಲ್ಲಗೆ ಸ್ಟೂಲ್ ಮೇಲೆ ಕುಸಿದ. ಇಷ್ಟು ಜನರ ಮುಂದೆ ಅದನ್ನು ವಾಪಸ್ ತಗೊಳ್ಳುವುದೆಂದರೆ ಮೀಸೆ ಬೋಳಿಸಿಕೊಂಡಂತೆ.

"ಶ್ಯಾಮಲಮ್ಮಂಗಾದ್ರೆ ಪೊಲೀಸಪ್ಪ ಬಂದೇಟ್ಗೆ ಸೈನ್ ಆಕ್ತೀನಿ," ಎಂದಳು ವರಲಕ್ಷ್ಮಮ್ಮ. "ಬಂಗಾರದಂತಾ ಉಡುಗಿ."

"ಮೊದ್ಲು ನಂದು!" ಎಂದ ಸೀನಪ್ಪ.

"ಅವಸರ ಇಲ್ಲ. ಅಕ್ಕನ ಅರ್ಜಿ ನಾಳೆ ಹಾಕೋಣ. ಮೇ ತಿಂಗಳಿಗೆ ಬೇಕಾದಷ್ಟು ಟೈಮಿದೆ," ಎಂದು ಪಾಸ್ಟರು ಎದ್ದರು. ಅಮ್ಮಾಜಮ್ಮ ಬೈಯುವುದನ್ನು ಮರೆತು, "ಅಲ್ಲಿ ರಾಗಿ ಇಟ್ಟು ಸಿಕ್ತದಾ, ಇಲ್ಲಿಂದ್ಲೇ ಕಟ್ಕೊಡ್ಲಾ?" ಎಂದು ಕೇಳಿದಳು.

ಪಾಸ್ಟರು ಸ್ಕೂಟರ್ ಏರಿ ತಿರುಗಿ ನೋಡಿದರು. "ಮುನೀಂದ್ರಣ್ಣಾ, ಆ ಆನೆ, ನವಿಲು ನಾಳೆ ಕಳಿಸ್ಬಿಡಿ."

"ಕಳ್ಸಲ್ಲ ಓಗ್ರೀ!" ಮುನೀಂದ್ರ ಗುಡುಗಿದ. "ನನ್ ಆನೆ, ನನ್ ನವಿಲು. ನಾನು ಓಗ್ದಿದ್ಮ್ಯಾಕೆ ಅವೂ ಓಗಲ್ಲ! ತಲೆ ಮ್ಯಾಲೆ ತಲೆ ಬಿದ್ರೂ ಕಳ್ಸಲ್ಲ!"

ಪಾಸ್ಟರು ಪೆಚ್ಚಾಗಿ ಶ್ಯಾಮಲಳ ಮುಖ ನೋಡಿದರು. ಅವಳು ಎಂಜಲು ತಟ್ಟೆ ಎತ್ತಿಕೊಂಡು ಒಳಗೆ ಹೊರಟಿದ್ದವಳು ಬಾಗಿಲಲ್ಲಿ ನಿಂತಳು.

"ಬ್ಯಾಡ ಬುಡಿ ಪಾಸ್ಟ್ರೇ, ಬಲವಂತ ಮಾಡ್ಬ್ಯಾಡಿ. ಅಷ್ಟು ದೊಡ್ಡ ಗೋಡೆಗೆ ಬರ್ಯಾಕೆ ನಮ್ಮನೆಯವ್ರ ಕೈಲಿ ಎಲ್ಲಾತದೆ?"

ಮುನೀಂದ್ರ ಎದ್ದ. ದಡದಡನೆ ಅಂಗಡಿಯೊಳಗೆ ಹೋಗಿ ಕಂಪ್ಯೂಟರ್ ಹಾಕಿ, ಆನೆಯ ಸೊಂಡಿಲಿನಿಂದಲೇ ಶುರು ಮಾಡಿದ.